ವಿ-ಸೆಂಟರ್ ಸರ್ವರ್: ಸ್ಥಾಪನೆಯಷ್ಟೇ ಸಾಲದು

ಲೆಕ್ಕಪತ್ರ, ದಾಸ್ತಾನು, ಬಿಲ್ಲಿಂಗ್ ಇವುಗಳಿಗೆ ಒಂದೊಂದು ಸರ್ವರ್ ಇಡುವ ಬದಲು, ಎರಡು-ಮೂರು ಯಂತ್ರಗಳಲ್ಲಿಯೇ ಹಲವು ವರ್ಚುವಲ್ ಸರ್ವರ್‌ಗಳನ್ನು ನಡೆಸುವ ಪದ್ಧತಿಯನ್ನು ಸಣ್ಣ ಉದ್ದಿಮೆಗಳೂ ಅನುಸರಿಸುತ್ತಿವೆ. ವಿಎಂವೇರ್ ತಂತ್ರಾಂಶ ಬಳಸುವಲ್ಲಿ ಇವೆಲ್ಲವನ್ನೂ ಒಂದೆಡೆಯಿಂದ ನಿಯಂತ್ರಿಸುವುದು ವಿ-ಸೆಂಟರ್ ಸರ್ವರ್. 2020ರಲ್ಲಿ ಬಂದ 7.0 ಆವೃತ್ತಿಯಿಂದೀಚೆಗೆ ಇದು ವಿಂಡೋಸ್ ಮೇಲೆ ಸ್ಥಾಪಿಸುವ ರೂಪದಲ್ಲಿ ದೊರೆಯುವುದಿಲ್ಲ. ಫೋಟಾನ್ ಎಂಬ ಲಿನಕ್ಸ್ ವ್ಯವಸ್ಥೆಯೊಡನೆ ಸಿದ್ಧವಾಗಿ ಬರುವ 'ಅಪ್ಲಯನ್ಸ್' ರೂಪದಲ್ಲಿ ಮಾತ್ರ ದೊರೆಯುತ್ತದೆ.

ವಿ-ಸೆಂಟರ್ ನಿಂತ ಮಾತ್ರಕ್ಕೆ ಬಿಲ್ಲಿಂಗ್ ನಿಲ್ಲುವುದಿಲ್ಲ. ವರ್ಚುವಲ್ ಸರ್ವರ್‌ಗಳು ತಮ್ಮ ಪಾಡಿಗೆ ನಡೆಯುತ್ತಿರುತ್ತವೆ. ಇದರಿಂದಲೇ ಅದರ ನಿರ್ವಹಣೆ ಅಲಕ್ಷ್ಯಕ್ಕೆ ಒಳಗಾಗುತ್ತದೆ. ಆದರೆ ನಡೆಯುತ್ತಿರುವ ಸರ್ವರನ್ನು ನಿಲ್ಲಿಸದೆ ಮತ್ತೊಂದು ಯಂತ್ರಕ್ಕೆ ಸಾಗಿಸಲು ವಿ-ಸೆಂಟರ್ ಬೇಕೇ ಬೇಕು. ಯಂತ್ರವೊಂದನ್ನು ದುರಸ್ತಿಗೆ ಬಿಚ್ಚಬೇಕಾದ ದಿನ ಅದು ಕೈಕೊಟ್ಟರೆ ವಹಿವಾಟನ್ನೇ ನಿಲ್ಲಿಸಬೇಕಾಗುತ್ತದೆ.

ಹೆಸರು ಮತ್ತು ಸಮಯ: ಸ್ಥಾಪನೆಗೆ ಮೊದಲೇ ಡಿಎನ್ಎಸ್‌ನಲ್ಲಿ ಹೆಸರಿನಿಂದ ಐಪಿ ವಿಳಾಸವೂ, ವಿಳಾಸದಿಂದ ಹೆಸರೂ ಸರಿಯಾಗಿ ದೊರೆಯುವಂತಿರಬೇಕು. ಹೆಸರನ್ನು ನಂತರ ಬದಲಿಸುವುದು ಶ್ರಮದ ಕೆಲಸ. ಅಪ್ಲಯನ್ಸ್ ಮತ್ತು ಎಲ್ಲ ಯಂತ್ರಗಳೂ ಒಂದೇ ಎನ್‌ಟಿಪಿ ಮೂಲದಿಂದ ಸಮಯ ಪಡೆಯಬೇಕು. 10 ಯಂತ್ರ, 100 ವರ್ಚುವಲ್ ಸರ್ವರ್‌ಗಳವರೆಗೆ 'ಟೈನಿ' ಎಂಬ ಅತಿ ಚಿಕ್ಕ ಗಾತ್ರವೇ ಸಾಕು.

ಬ್ಯಾಕಪ್: 5480ನೇ ಪೋರ್ಟ್‌ನಲ್ಲಿ ತೆರೆಯುವ ನಿರ್ವಹಣಾ ಪುಟದಲ್ಲಿ ದಿನನಿತ್ಯದ ಬ್ಯಾಕಪ್‌ಗೆ ವೇಳೆ ಗೊತ್ತುಪಡಿಸಬಹುದು. ಎಸ್ಎಫ್‌ಟಿಪಿ, ಎನ್ಎಫ್ಎಸ್ ಮೊದಲಾದ ಮಾರ್ಗಗಳಿಂದ ಅದನ್ನು ಬೇರೊಂದು ಯಂತ್ರಕ್ಕೆ ಕಳುಹಿಸಬೇಕು. ಮೂಲವಿರುವ ಡಿಸ್ಕಿನಲ್ಲಿಯೇ ಇಟ್ಟ ಪ್ರತಿ ಆ ಡಿಸ್ಕಿನೊಡನೆಯೇ ಹೋಗುತ್ತದೆ. ಮರುಸ್ಥಾಪನೆಗೆ ಅದೇ ಆವೃತ್ತಿಯ ಸ್ಥಾಪನಾ ಕಡತ ಬೇಕಾಗುವುದರಿಂದ ಅದನ್ನೂ ಜೊತೆಯಲ್ಲಿರಿಸಬೇಕು. ಈ ಬ್ಯಾಕಪ್‌ನಲ್ಲಿ ಇರುವುದು ವಿ-ಸೆಂಟರ್‌ನ ಮಾಹಿತಿ ಮಾತ್ರ. ಲೆಕ್ಕಪತ್ರದ ಸರ್ವರ್‌ಗೆ ಪ್ರತ್ಯೇಕ ವ್ಯವಸ್ಥೆ ಅವಶ್ಯ.

ಅವಧಿಗಳು: ರೂಟ್ ಪಾಸ್‌ವರ್ಡ್ ಸಾಮಾನ್ಯವಾಗಿ 90 ದಿನಗಳಿಗೆ ಮುಗಿಯುತ್ತದೆ. ಭದ್ರತಾ ಪ್ರಮಾಣಪತ್ರಗಳಿಗೂ ಕೊನೆಯ ದಿನವಿದೆ. ಅದು ಮೀರಿದರೆ ಒಳಪ್ರವೇಶವೇ ದೊರೆಯದಿರಬಹುದು. 7.0 ಆವೃತ್ತಿಗೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿದಿದೆ. ವಿಮೆ, ಪರವಾನಗಿಗಳ ನವೀಕರಣದ ದಿನಾಂಕಗಳನ್ನು ಬರೆದಿಡುವ ಪುಸ್ತಕದಲ್ಲಿಯೇ ಇವನ್ನೂ ಬರೆದಿಡುವುದು ಒಳಿತು.

ವರ್ಷಕ್ಕೊಮ್ಮೆಯಾದರೂ ಬ್ಯಾಕಪ್‌ನಿಂದ ಪ್ರತ್ಯೇಕ ಜಾಲದಲ್ಲಿ ಮರುಸ್ಥಾಪನೆ ಮಾಡಿ ನೋಡಬೇಕು. ಪರೀಕ್ಷಿಸದ ಬ್ಯಾಕಪ್ ವಸೂಲಾಗದ ಬಾಕಿಯಂತೆ. ಪುಸ್ತಕದಲ್ಲಿದ್ದರೂ ಕೈಗೆ ಬರುವ ಭರವಸೆಯಿಲ್ಲ.