ಬಾಲ್ಕನಿಯ ಕುಂಡದಲ್ಲಿ ಮಜ್ಜಿಗೆ ಹುಲ್ಲು

ಚಹಾಕ್ಕೋ ಕಷಾಯಕ್ಕೋ ಎರಡು ಎಲೆ ಹಾಕಿದರೆ ಸಾಕು, ಅಡುಗೆಮನೆಯೆಲ್ಲ ನಿಂಬೆಯ ಘಮ. ಎಲೆಯ ಎಣ್ಣೆಯಲ್ಲಿರುವ ಸಿಟ್ರಾಲ್ ಆ ಘಮಕ್ಕೆ ಕಾರಣ. ಮಜ್ಜಿಗೆ ಹುಲ್ಲು ಹೊಸಬರ ಕೈಗೂ ಚೆನ್ನಾಗಿ ಒಗ್ಗುವ ಗಿಡ. ಅದು ಕೇಳುವುದು ಬಿಸಿಲು, ಬೇರಿಗೆ ಜಾಗ ಮತ್ತು ನೀರು ನಿಲ್ಲದ ಮಣ್ಣು. ಆಗಾಗ ಕೊಯ್ಯುತ್ತಿದ್ದರೆ ಇನ್ನೂ ಹುಲುಸಾಗಿ ಬೆಳೆಯುತ್ತದೆ.

1. ಜಾಗ ಆರಿಸಿ
ದಿನಕ್ಕೆ ಸುಮಾರು 6 ಗಂಟೆ ನೇರ ಬಿಸಿಲು ಬೀಳಬೇಕು. ನೆರಳಿನಲ್ಲಿ ಎಲೆ ತೆಳುವಾಗಿ ಬಾಗುತ್ತದೆ, ಘಮವೂ ಕಡಿಮೆ. ಎಲೆಯಂಚು ಹರಿತವಾಗಿರುವುದರಿಂದ ಕುಂಡವನ್ನು ಓಡಾಡುವ ದಾರಿಯಲ್ಲಿ ಇಡಬೇಡಿ.

2. ಕುಂಡ, ಮಣ್ಣು ಸಿದ್ಧಮಾಡಿ
ಕನಿಷ್ಠ 12 ಇಂಚು ಅಗಲ, ಅಷ್ಟೇ ಆಳದ ಕುಂಡ ಅಥವಾ ಗ್ರೋ ಬ್ಯಾಗ್ ಇರಲಿ. ತಳದಲ್ಲಿ ತೂತು ಇರಲೇಬೇಕು. ಕೆಂಪು ಮಣ್ಣು 2 ಪಾಲು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ 1 ಪಾಲು, ಮರಳು ಇಲ್ಲವೇ ತೆಂಗಿನ ನಾರಿನ ಪುಡಿ 1 ಪಾಲು ಬೆರೆಸಿ.

3. ಸಸಿ ಹೊಂದಿಸಿ
ಬೆಳೆದ ಬುಡದಿಂದ ಬೇರುಸಹಿತ ಎರಡು ಮೂರು ತೆಂಡೆ ಬಿಡಿಸಿಕೊಳ್ಳುವುದೇ ಸುಲಭದ ದಾರಿ. ಅದು ಸಿಗದಿದ್ದರೆ ಅಂಗಡಿಯಿಂದ ಗಡ್ಡೆಯಂಥ ಬುಡ ಉಳಿದಿರುವ ದಂಟು ತನ್ನಿ. ಬುಡ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಎರಡು ಮೂರು ವಾರದಲ್ಲಿ ಬಿಳಿ ಬೇರು ಕಾಣುತ್ತದೆ.

4. ನೆಡಿ
ಎಲೆಯ ತುದಿ ಕತ್ತರಿಸಿ ಸಸಿಯನ್ನು 6 ಇಂಚಿನಷ್ಟು ಉಳಿಸಿಕೊಳ್ಳಿ. ಎಲೆ ಕಡಿಮೆಯಾದರೆ ನೀರು ಆರಿಹೋಗುವುದೂ ಕಡಿಮೆ, ಹೊಸ ಬೇರಿನ ಮೇಲೆ ಹೊರೆ ಬೀಳುವುದಿಲ್ಲ. ಕುಂಡದ ನಡುವೆ 2 ಇಂಚು ಆಳಕ್ಕೆ ನೆಟ್ಟು ಮಣ್ಣು ಅದುಮಿ, ನೀರು ಹಾಕಿ. ಹೊಸ ಚಿಗುರು ಕಾಣುವ ತನಕ ಅರೆನೆರಳಿನಲ್ಲಿಡಿ.

5. ನೀರು, ಗೊಬ್ಬರ
ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಮೇಲಿನ ಒಂದು ಇಂಚು ಒಣಗಿದ್ದರೆ ತಳದಿಂದ ಹರಿಯುವಷ್ಟು ನೀರು ಹಾಕಿ. ಬೇಸಿಗೆಯಲ್ಲಿ ದಿನವೂ ಬೇಕಾಗಬಹುದು. ಮಳೆ, ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು.

6. ಕೊಯ್ಯಿರಿ
ಮೂರು ನಾಲ್ಕು ತಿಂಗಳಲ್ಲಿ ಬುಡ ತುಂಬಿಕೊಳ್ಳುತ್ತದೆ. ಹೊರಸುತ್ತಿನ ಎಲೆಗಳನ್ನು ಮಣ್ಣಿನಿಂದ 4 ಇಂಚು ಮೇಲಕ್ಕೆ ಕತ್ತರಿಸಿ. ಅದಕ್ಕಿಂತ ಕೆಳಗೆ ಕೊಯ್ದರೆ ಚಿಗುರುವ ಭಾಗಕ್ಕೇ ಪೆಟ್ಟು. ಕಂದು ಚುಕ್ಕೆ ಬಿದ್ದ, ಒಣಗಿದ ಎಲೆಗಳನ್ನೂ ಆಗಾಗ ತೆಗೆಯುತ್ತಿರಿ. ಹೆಚ್ಚಾದದ್ದನ್ನು ನೆರಳಿನಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡಬಹುದು.

7. ಬುಡ ಬಿಡಿಸಿ
ಒಂದೆರಡು ವರ್ಷದಲ್ಲಿ ಬೇರು ಕುಂಡದ ತುಂಬ ಹೆಣೆದುಕೊಂಡು, ನಡುಭಾಗ ಒಣಗತೊಡಗುತ್ತದೆ. ಮಳೆಗಾಲದ ಆರಂಭದಲ್ಲಿ ಬುಡ ಹೊರತೆಗೆದು, ಚಾಕುವಿನಿಂದ ಮೂರು ನಾಲ್ಕು ಪಾಲು ಮಾಡಿ, ಹೊಸ ಮಣ್ಣಿನಲ್ಲಿ ನೆಡಿ.

ಕುಂಡದಲ್ಲಿ ಈ ಗಿಡವಿದ್ದರೆ ಸೊಳ್ಳೆ ಬರುವುದಿಲ್ಲವೆಂದು ಹಲವರು ನಂಬುತ್ತಾರೆ. ಆದರೆ ಎಣ್ಣೆ ಎಲೆಯೊಳಗೇ ಇರುತ್ತದೆ. ಎಲೆ ಜಜ್ಜಿದಾಗಲೇ ಘಮ ಹೊರಬರುತ್ತದೆ. ಸೊಳ್ಳೆಗೆ ಪರದೆಯೇ ಸರಿ. ಕಷಾಯಕ್ಕೂ ಎಲೆಯನ್ನು ಜಜ್ಜಿಯೇ ಹಾಕಿ, ಮುಚ್ಚಿಟ್ಟು ಐದು ನಿಮಿಷ ಕುದಿಸಿ.