ಮಂದಗತಿಯ ಗಣಕಯಂತ್ರ

ಮನೆಯ ಗಣಕಯಂತ್ರವು ಮಂದಗತಿಗಿಳಿದೊಡನೆ ಅದನ್ನು ಮೂಲೆಗೆ ಸರಿಸುವವರೇ ಹೆಚ್ಚು. ಕೊಡೇಕಲ್ಲಿನಂತಹ ಬಿಸಿಲನಾಡಿನಲ್ಲಿ ಮೊದಲು ನೋಡತಕ್ಕದ್ದು ಅದರ ಫ್ಯಾನನ್ನು. ಧೂಳು ಕಟ್ಟಿ ಗಾಳಿಯಾಡದಾದಾಗ ಒಳಗಿನ ಪ್ರೊಸೆಸರ್ ಬಿಸಿಯೇರಿ, ತಾನು ಕೆಡದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ತನ್ನು ಕಡಿದು, ಮೃದುವಾದ ಕುಂಚದಿಂದ ಧೂಳು ತೆಗೆದರೆ ಎಷ್ಟೋ ವೇಳೆ ಅಷ್ಟರಿಂದಲೇ ಚೇತರಿಸಿಕೊಳ್ಳುವುದುಂಟು.

ಯಂತ್ರವನ್ನು ತೆರೆದೊಡನೆ ಕರೆಯದೆ ಬಂದು ಕೂಡುವ ತಂತ್ರಾಂಶಗಳನ್ನು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ತಡೆಯಬಹುದು. ವೈರಸ್ಸಿನ ಕಾವಲನ್ನು ಮಾತ್ರ ಮುಟ್ಟಲಾಗದು. ಹಣ ವ್ಯಯಿಸುವುದೇ ಆದರೆ, ತಿರುಗುವ ಹಾರ್ಡ್ ಡಿಸ್ಕನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದು ಲೇಸು. ಆದರೆ ಕೊಡೇಕಲ್ ಬಸವಣ್ಣನವರ ವಚನಗಳನ್ನು ಶ್ರಮಪಟ್ಟು ಬೆರಳಚ್ಚಿಸಿಟ್ಟವರು, ರಿಪೇರಿಗೆ ಒಯ್ಯುವ ಮುನ್ನ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದಿರಿಸಿಕೊಳ್ಳಬೇಕು. ಯಂತ್ರ ಮತ್ತೆ ದೊರೆತೀತು, ಅಳಿಸಿಹೋದ ಕಡತ ದೊರೆಯದು.