ಪಡಸಾಲೆಯೂ ನಡುಮನೆಯೂ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ ಸೀಮೆಯ ಚಚಡಿಯಂತಹ ಊರುಗಳ ಹಳೆಯ ಮನೆಗಳಲ್ಲಿ, ಬಂದ ಅತಿಥಿಗೆ ಕೈಕಾಲಿಗೆ ನೀರು ಕೊಟ್ಟು, ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಳ್ಳಿರಿಸುವುದು ವಾಡಿಕೆ. ಆತನ ಉಪಚಾರಕ್ಕೆ ಯಾವ ಕೊರತೆಯೂ ಆಗದು. ಆದರೆ ಕಾಳುಕಡಿ, ಕಾಗದಪತ್ರಗಳ ಪೆಟ್ಟಿಗೆ ಇರುವ ನಡುಮನೆಗೆ ಆತನು ಕರೆಯದೆ ಕಾಲಿಡುವುದಿಲ್ಲ. ಇದನ್ನು ಅವಮಾನವೆಂದು ಯಾರೂ ಬಗೆಯುವುದಿಲ್ಲ. ನಿಸ್ತಂತು ಜಾಲವನ್ನು ಹೊಂದಿದ ಶಾಲೆಯೂ ಇಂತಹದೇ ಒಂದು ಏರ್ಪಾಟನ್ನು ಮಾಡಿಕೊಳ್ಳಬೇಕಾಗುತ್ತದೆ.

ತಂತಿಯಿಲ್ಲದೆ ಗಣಕಯಂತ್ರಗಳನ್ನು ಬೆಸೆಯುವ ವಿದ್ಯೆ ತೀರ ಹೊಸದಲ್ಲ. 1971ರಲ್ಲಿಯೇ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ರೇಡಿಯೋ ಅಲೆಗಳ ಮೂಲಕ ಗಣಕ ಸಂದೇಶಗಳನ್ನು ಕಳುಹಿಸಿದ್ದರು. ಇಂದು ವೈ-ಫೈ ಎಂದು ಕರೆಯಲಾಗುವ ಪದ್ಧತಿಯ ಮೊದಲ ಮಾನಕ ಹೊರಬಂದದ್ದು 1997ರಲ್ಲಿ. ತಂತಿಯ ಜಾಲವನ್ನು ಸೇರಬೇಕಾದವನು ಕೊಠಡಿಯೊಳಗೆ ಬರಬೇಕು. ಅಲೆಗಳಿಗಾದರೋ ಗೋಡೆಯ ಹಂಗಿಲ್ಲ. ಅವು ಕಿಟಕಿಯನ್ನು ದಾಟಿ ಅಂಗಳಕ್ಕೂ ಬೀದಿಗೂ ಹರಿಯುತ್ತವೆ.

ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದ ದಿನವನ್ನು ಊಹಿಸಿಕೊಳ್ಳಿರಿ. ಪಾಲಕರು, ಹಳೆಯ ವಿದ್ಯಾರ್ಥಿಗಳು, ಛಾಯಾಗ್ರಾಹಕರು ಎಲ್ಲರೂ ಜಾಲದ ಗುಪ್ತಪದವನ್ನು ಕೇಳುತ್ತಾರೆ. ಮುಖ್ಯೋಪಾಧ್ಯಾಯರು ಔದಾರ್ಯದಿಂದ ಅದನ್ನು ಕರಿಹಲಗೆಯ ಮೇಲೆ ಬರೆಯಿಸುತ್ತಾರೆ. ಕಚೇರಿಯ ಗಣಕಯಂತ್ರವೂ ಅದೇ ಜಾಲದಲ್ಲಿದೆ. ಮಕ್ಕಳ ಅಂಕಗಳು, ಜನ್ಮದಿನಾಂಕ, ಪಾಲಕರ ದೂರವಾಣಿ ಸಂಖ್ಯೆ ಎಲ್ಲವೂ ಅದರಲ್ಲಿವೆ. ಅತಿಥಿಯ ಮನಸ್ಸಿನಲ್ಲಿ ಕೇಡಿಲ್ಲ, ನಿಜ. ಆತನಿಗೇ ತಿಳಿಯದಂತೆ ಆತನ ಫೋನಿನಲ್ಲಿ ಅಡಗಿ ಬಂದ ದುಷ್ಟ ತಂತ್ರಾಂಶವು ಮಾತ್ರ ಅದೇ ಜಾಲದ ಇತರ ಯಂತ್ರಗಳ ಬಾಗಿಲನ್ನು ತಟ್ಟುತ್ತ ಹೋಗಬಲ್ಲದು.

ಜಾಲಕ್ಕೆ 'ಶಾಲೆ', 'ಅತಿಥಿ' ಎಂದು ಎರಡು ಹೆಸರುಗಳನ್ನಿಟ್ಟರೆ ಸಾಕೆಂದು ಅನೇಕರು ನಂಬುತ್ತಾರೆ. ಹಿಂದಿನ ದಾರಿ ಒಂದೇ ಆಗಿದ್ದರೆ ಅದು ಒಂದೇ ಕೋಣೆಗೆ ಎರಡು ಬಾಗಿಲುಗಳನ್ನಿಟ್ಟಂತೆ. ಬಾಗಿಲಿನ ಬಣ್ಣ ಬೇರೆಯಾದರೇನು? ನಿಜವಾದ ಬೇರ್ಪಡಿಕೆಗೆ 1998ರ ಮಾನಕವೊಂದು ನೆರವಾಗುತ್ತದೆ. ಅದರಂತೆ ಪ್ರತಿಯೊಂದು ಸಂದೇಶದ ತುಣುಕಿಗೂ ನಾಲ್ಕು ಬೈಟುಗಳ ಚೀಟಿಯನ್ನು ಅಂಟಿಸಲಾಗುತ್ತದೆ. ಅದರೊಳಗೆ 12 ಬಿಟ್ಟುಗಳ ಒಂದು ಸಂಖ್ಯೆಯಿರುತ್ತದೆ. ಹೀಗೆ ಒಂದೇ ತಂತಿಯಲ್ಲಿ 4094 ಜಾಲಗಳು ಒಂದನ್ನೊಂದು ಅರಿಯದೆ ಸಾಗಬಲ್ಲವು. ಶಾಲೆಗೆ ಮೂರೇ ಸಾಕು: ಕಚೇರಿಗೊಂದು, ವಿದ್ಯಾರ್ಥಿಗಳಿಗೊಂದು, ಅತಿಥಿಗಳಿಗೊಂದು. ಅತಿಥಿಯ ಚೀಟಿ ಹೊತ್ತ ತುಣುಕು ಹೊರಗಿನ ಅಂತರಜಾಲಕ್ಕೆ ಮಾತ್ರ ಹೋಗಬೇಕು, ಕಚೇರಿಯತ್ತ ತಿರುಗಿದರೆ ಅಲ್ಲಿಯೇ ತಡೆಯಬೇಕು ಎಂಬ ನಿಯಮವನ್ನು ಮಾರ್ಗ ತೋರುವ ಯಂತ್ರದಲ್ಲಿ ಬರೆದಿಡಬೇಕು. ಈ ನಿಯಮವನ್ನು ಮರೆತರೆ ಚೀಟಿಯಿಂದ ಪ್ರಯೋಜನವಿಲ್ಲ. ಅತಿಥಿಗಳ ಯಂತ್ರಗಳು ಪರಸ್ಪರ ಕಾಣದಂತೆ ಮಾಡುವುದೂ ಒಳಿತು.

ಇಷ್ಟು ಮಾಡಿದರೂ ಗಾಳಿಯನ್ನು ಹಂಚಲಾಗದು. ಒಂದೇ ಪೆಟ್ಟಿಗೆಯಿಂದ ಹೊರಡುವ ಜಾಲಗಳೆಲ್ಲವೂ ಒಂದೇ ಅಲೆಯ ಮೇಲೆ ಸರದಿಯಿಂದ ಮಾತನಾಡುತ್ತವೆ. ಒಂದು ನುಡಿಯುವಾಗ ಉಳಿದವು ಕಾಯಬೇಕು. ಪ್ರತಿಯೊಂದು ಹೆಸರೂ ತಾನಿರುವೆನೆಂದು ಸೆಕೆಂಡಿಗೆ ಸುಮಾರು ಹತ್ತು ಬಾರಿ ಸಾರುವುದರಿಂದ, ಹೆಸರುಗಳು ಹೆಚ್ಚಿದಷ್ಟೂ ಕೆಲಸಕ್ಕೆ ಉಳಿಯುವ ಸಮಯ ಕಡಿಮೆ. ಅತಿಥಿಗಳು ಚಲನಚಿತ್ರ ನೋಡುತ್ತ ಕುಳಿತರೆ ಪಕ್ಕದ ಕೊಠಡಿಯಲ್ಲಿ ಪಾಠ ನಿಲ್ಲುತ್ತದೆ. ಆದುದರಿಂದ ಅತಿಥಿಜಾಲದ ವೇಗಕ್ಕೆ ಮಿತಿ ಬೇಕು. ಇದು ಜಿಪುಣತನವಲ್ಲ.

ದೊಡ್ಡ ವಿದ್ಯಾಸಂಸ್ಥೆಗಳು ಇನ್ನೊಂದು ದಾರಿಯನ್ನು ಕಂಡುಕೊಂಡಿವೆ. ಯೂರೋಪಿನಲ್ಲಿ ಹುಟ್ಟಿದ 'ಎಜುರೋಮ್' ವ್ಯವಸ್ಥೆಯನ್ನು ಭಾರತದಲ್ಲಿ ಅರ್ನೆಟ್ ಸಂಸ್ಥೆ ನಡೆಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಹೊರಗಿನ ಸಂಶೋಧಕನು ತನ್ನ ತವರುಸಂಸ್ಥೆಯ ಗುಪ್ತಪದವನ್ನೇ ಬಳಸುತ್ತಾನೆ. ಆತನು ಯಾರೆಂಬುದಕ್ಕೆ ಆ ಸಂಸ್ಥೆಯೇ ದೂರದಿಂದ ಸಾಕ್ಷಿ ನುಡಿಯುತ್ತದೆ. ಊರಿನ ಶಾಲೆಯ ಅತಿಥಿಗೆ ಇಂತಹ ಸಾಕ್ಷಿಯಿಲ್ಲ. ಅಲ್ಲಿ ಸ್ನೇಹಸಮ್ಮೇಳನದ ಮರುದಿನವೇ ಅತಿಥಿಜಾಲದ ಗುಪ್ತಪದವನ್ನು ಬದಲಿಸಿ, ಕರಿಹಲಗೆಯ ಮೇಲಿನ ಬರಹವನ್ನು ಒರೆಸಿಬಿಡಬೇಕು.